ಪಬ್ಬಿನ ಅಲಂಕಾರದ ಜೊತೆಗೆ ಅಳತೆಯೂ ಮುಂಬಯಿಗೆ ಬರಲಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಪಬ್ಬುಗಳ ಬಗ್ಗೆ ನಿಮ್ಮ ವಾಚಕರ ವಿಭಾಗದಲ್ಲಿ ಈಚೆಗೆ ಪ್ರಕಟವಾದ ಪತ್ರವನ್ನು ಓದಿದೆ. ಅಲ್ಲಿ ಗ್ರಾಹಕನನ್ನು ಕೇಳುವವರಿಲ್ಲ, ಅವನೇ ಕೌಂಟರಿಗೆ ಹೋಗಿ ಮುಂಗಡವಾಗಿ ಹಣ ಕೊಟ್ಟು ಗ್ಲಾಸನ್ನು ಹೊತ್ತು ತರಬೇಕು, ತಿನ್ನಲು ಆಲೂಗಡ್ಡೆಯ ಹೊರತು ಹೆಚ್ಚೇನೂ ಸಿಗದು, ಅದಕ್ಕಿಂತ ಮುಂಬಯಿಯ ಅಂಧೇರಿ ಮತ್ತು ಲೋವರ್ ಪರೇಲಿನಲ್ಲಿ ತಲೆಯೆತ್ತಿರುವ ಬ್ರಿಟಿಷ್ ಶೈಲಿಯ ಪಬ್ಬುಗಳೇ ಲೇಸು ಎಂಬುದು ಆ ಓದುಗರ ಅಭಿಪ್ರಾಯ. ಮಗಳ ಸಂಸಾರ ಲೀಡ್ಸ್ ನಗರದಲ್ಲಿರುವುದರಿಂದ ನಾನೂ ನನ್ನ ಪತ್ನಿಯೂ ಆ ದೇಶಕ್ಕೆ ಹೋಗಿಬರುವುದುಂಟು. ನೌಕರಿಯ ಕಾಲವನ್ನೆಲ್ಲ ಲೆಕ್ಕಪತ್ರ ವಿಭಾಗದಲ್ಲಿ ಕಳೆದವನಾದ್ದರಿಂದ ಎಲ್ಲಿ ಕುಳಿತು ತಿಂದರೂ ಕುಡಿದರೂ ಬಿಲ್ಲನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಆ ಓದುಗರು ಊಟದ ಬಗ್ಗೆ ಹೇಳಿರುವುದು ಬಹುಮಟ್ಟಿಗೆ ನಿಜ. ಸೇವೆಯ ಬಗ್ಗೆ ಹೇಳಿರುವುದನ್ನು ಒಪ್ಪಲಾರೆ. ಮುಂಬಯಿಯ ಹೊಸ ಪಬ್ಬುಗಳು ಮೂಲಕ್ಕಿಂತ ಮೇಲು ಎಂಬ ಮಾತನ್ನಂತೂ ಉತ್ತರಿಸದೆ ಬಿಡುವುದು ಸರಿಯಲ್ಲವೆನಿಸಿ ಇದನ್ನು ಬರೆಯುತ್ತಿದ್ದೇನೆ.

ಕೊಟ್ಟ ಹಣಕ್ಕೆ ಸರಿಯಾದ ಅಳತೆ ಸಿಗುವುದೇ ಗ್ರಾಹಕನಿಗೆ ಸಲ್ಲಬೇಕಾದ ಮೊದಲ ಸೇವೆ. ಬ್ರಿಟನ್ನಿನಲ್ಲಿ ನಲ್ಲಿಯಿಂದ ಹಿಡಿದು ಕೊಡುವ ಬಿಯರನ್ನು ಪಬ್ಬಿನವರು ತಮಗೆ ತೋಚಿದ ಗ್ಲಾಸಿನಲ್ಲಿ ಮಾರುವಂತಿಲ್ಲ. 568 ಮಿಲಿಲೀಟರಿನ ಪೈಂಟ್, ಅದರ ಅರ್ಧ, ಪೈಂಟಿನ ಮೂರನೆಯ ಒಂದು ಭಾಗ, 2011ರಿಂದ ಈಚೆಗೆ ಮೂರನೆಯ ಎರಡು ಭಾಗ ಎಂದು ಕಾನೂನು ಗೊತ್ತುಮಾಡಿರುವ ಪ್ರಮಾಣಗಳಲ್ಲಿಯೇ ಅದನ್ನು ಮಾರಬೇಕು. ಪೈಂಟಿನ ಗ್ಲಾಸನ್ನು ಕೈಗೆತ್ತಿಕೊಂಡು ನೋಡಿದರೆ ಅದರ ಅಳತೆಯನ್ನು ದೃಢೀಕರಿಸುವ ಮುದ್ರೆ ಕಾಣುತ್ತದೆ. ಕೆಲವು ಗ್ಲಾಸುಗಳು ಕಂಠಪೂರ್ತಿ ತುಂಬಿದಾಗ ಪೈಂಟ್ ಆಗುತ್ತವೆ. ಇನ್ನು ಕೆಲವಕ್ಕೆ ಅಂಚಿಗಿಂತ ತುಸು ಕೆಳಗೆ ಗೆರೆಯಿದ್ದು, ದ್ರವ ಆ ಗೆರೆಯನ್ನು ಮುಟ್ಟಿ ನೊರೆ ಅದರ ಮೇಲೆ ನಿಲ್ಲಬೇಕು. ಗೆರೆಯಿರುವ ಗ್ಲಾಸೇ ಹೆಚ್ಚು ನ್ಯಾಯವಾದದ್ದು, ಏಕೆಂದರೆ ಅದರಲ್ಲಿ ವಾದಕ್ಕೆ ಎಡೆಯೇ ಇರುವುದಿಲ್ಲ. ನೊರೆ ಅತಿಯಾದಾಗ ಗ್ಲಾಸನ್ನು ಮತ್ತೆ ಕೌಂಟರಿನ ಮೇಲಿಟ್ಟು ಇನ್ನಷ್ಟು ತುಂಬಿಕೊಡಿ ಎಂದು ಕೇಳುವುದು ಅಲ್ಲಿ ರೂಢಿಯ ಮಾತು. ಗ್ಲಾಸಿನಲ್ಲಿ ಕನಿಷ್ಠ ಶೇಕಡಾ 95ರಷ್ಟು ದ್ರವವಿರಬೇಕು, ಗ್ರಾಹಕ ಕೇಳಿದರೆ ಮುಖ ಸಿಂಡರಿಸದೆ ತುಂಬಿಕೊಡಬೇಕು ಎಂದು ಆ ಉದ್ಯಮದವರೇ ಮಾಡಿಕೊಂಡ ಕಟ್ಟಳೆಯೂ ಇದೆ.

ವಿಸ್ಕಿ, ಜಿನ್, ರಮ್ ಮತ್ತು ವೋಡ್ಕಾಗಳ ವಿಷಯದಲ್ಲಿಯೂ ಇದೇ ಶಿಸ್ತು. ಒಂದು ಪಬ್ಬು 25 ಮಿಲಿಲೀಟರಿನ ಅಳತೆಯನ್ನಾದರೂ ಅನುಸರಿಸಬಹುದು, 35ರ ಅಳತೆಯನ್ನಾದರೂ ಅನುಸರಿಸಬಹುದು, ಆದರೆ ಯಾವುದನ್ನು ಅನುಸರಿಸುತ್ತದೆ ಎಂಬುದನ್ನು ಗ್ರಾಹಕನ ಕಣ್ಣಿಗೆ ಬೀಳುವಂತೆ ಬರೆದು ತೂಗುಹಾಕಬೇಕು. ನಮ್ಮ 30 ಮಿಲಿಲೀಟರಿನ ಪೆಗ್ಗಿಗೆ ಹೋಲಿಸಿದರೆ 25 ಎಂಬುದು ಕಡಿಮೆಯೆಂದು ಕೆಲವರಿಗೆ ಅನಿಸೀತು. ಪ್ರಮಾಣ ಚಿಕ್ಕದಾದರೂ ಅದು ಖಚಿತವಾಗಿರುವುದೇ ನನಗೆ ಮುಖ್ಯ. ಗ್ಲಾಸಿನಲ್ಲಿ ಕೊಡುವ ವೈನಿಗೆ 125 ಮತ್ತು 175 ಮಿಲಿಲೀಟರಿನ ಅಳತೆಗಳಿವೆ. ಬೆಲೆಪಟ್ಟಿಯಲ್ಲಿ ಬರೆದ ಮೊತ್ತದೊಳಗೆ ಶೇಕಡಾ 20ರ ವ್ಯಾಟ್ ಸೇರಿಯೇ ಇರುತ್ತದೆ. 6 ಪೌಂಡ್ ಎಂದು ಬರೆದಿದ್ದರೆ ಕೊಡಬೇಕಾದದ್ದೂ 6 ಪೌಂಡ್. ಇನ್ನು ನೀರಿನ ಮಾತು. ಕೇಳಿದ ಗ್ರಾಹಕನಿಗೆ ನಲ್ಲಿಯ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕೆಂಬ ಷರತ್ತನ್ನು 2010ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಮದ್ಯದ ಲೈಸೆನ್ಸಿನಲ್ಲಿಯೇ ಸೇರಿಸಲಾಗಿದೆ. ನೀರು ತಂದಿಡುವವರಿಲ್ಲ ಎಂದು ಬರೆದ ಓದುಗರು ಕೇಳಿದ್ದರೆ ನೀರು ಖಂಡಿತ ಸಿಗುತ್ತಿತ್ತು.

ಕುಡಿಯುವ ವಸ್ತುವಿನ ಗುಣದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಂಗ್ಲೆಂಡಿನ ಬಿಯರ್ ಬೆಚ್ಚಗಿರುತ್ತದೆ ಎಂಬ ದೂರು ನಮ್ಮವರ ಬಾಯಲ್ಲಿ ಸದಾ ಕೇಳಿಬರುತ್ತದೆ. ಕೈಪಂಪಿನಿಂದ ಎಳೆದು ಕೊಡುವ ಏಲ್ ಎಂಬ ಬಿಯರ್ ಬೆಚ್ಚಗಿರುವುದಿಲ್ಲ. ನೆಲಮಾಳಿಗೆಯ ತಂಪಿನಲ್ಲಿ, ಅಂದರೆ 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತದೆ. ಪೀಪಾಯಿಯೊಳಗೆ ಜೀವಂತ ಯೀಸ್ಟ್ ಇದ್ದು, ಬಿಯರ್ ಪಬ್ಬಿಗೆ ಬಂದ ಮೇಲೂ ಅಲ್ಲಿಯೇ ಎರಡನೆಯ ಸಲ ಹುದುಗುತ್ತದೆ. ಹೊರಗಿನಿಂದ ಅನಿಲ ತುಂಬಿಸದ ಕಾರಣ ಗುಳ್ಳೆಗಳು ಮೃದುವಾಗಿರುತ್ತವೆ. ಮಂಜಿನಷ್ಟು ತಣ್ಣಗೆ ಮಾಡಿದರೆ ಹಾಪ್ ಹೂವಿನ ಕಹಿಯೂ ಮಾಲ್ಟಿನ ಸಿಹಿಯೂ ನಾಲಿಗೆಗೆ ತಿಳಿಯುವುದಿಲ್ಲ. 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಈ ಬಿಯರನ್ನು ಮೂಲೆಗೊತ್ತಿ, ಸೋಸಿ ಅನಿಲ ತುಂಬಿದ ಕೆಗ್ ಬಿಯರನ್ನೇ ಎಲ್ಲೆಡೆ ಹರಡಿದಾಗ ಅದನ್ನು ಪ್ರತಿಭಟಿಸಿ 1971ರಲ್ಲಿ ಹುಟ್ಟಿಕೊಂಡ ಕಾಮ್ರಾ ಎಂಬ ಸಂಸ್ಥೆ ಗ್ರಾಹಕರೇ ಕಟ್ಟಿದ್ದು. ಕುಡಿಯುವವರು ತಮ್ಮ ಗ್ಲಾಸಿನೊಳಗಿನ ವಸ್ತುವಿಗಾಗಿ ಸಂಘ ಕಟ್ಟಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದನ್ನು ನಡೆಸಿಕೊಂಡು ಬಂದಿರುವುದು ನನ್ನ ಮೆಚ್ಚುಗೆಗೆ ಪಾತ್ರವಾದ ಸಂಗತಿ.

ಇಂಥ ಬಿಯರಿಗೆ ಒಂದು ದೋಷವೂ ಇದೆ. ಪೀಪಾಯಿ ತೆರೆದ ಮೇಲೆ ಗಾಳಿ ಒಳಗೆ ಹೋಗುವುದರಿಂದ ಕೆಲವೇ ದಿನಗಳಲ್ಲಿ ಅದು ಹುಳಿಯತೊಡಗುತ್ತದೆ. ಗಿರಾಕಿ ಕಡಿಮೆಯಿರುವ ಪಬ್ಬಿನಲ್ಲಿ ಹಾಗಾಗುವುದು ಅಪರೂಪವಲ್ಲ. ಯಾರ್ಕ್‌ಷೈರಿನ ಒಂದು ಹಳ್ಳಿಯ ಪಬ್ಬಿನಲ್ಲಿ ನನ್ನ ಅಳಿಯ ತಂದ ಗ್ಲಾಸು ಹಾಗೆ ಹುಳಿಯಾಗಿತ್ತು. ಅವನು ಅದನ್ನು ಹಿಂದಕ್ಕೆ ಕೊಟ್ಟಾಗ ಕೌಂಟರಿನ ಹೆಂಗಸು ಒಂದು ಗುಟುಕು ತಾನೇ ರುಚಿ ನೋಡಿ, ಕ್ಷಮೆ ಕೇಳಿ, ಬೇರೆ ಪೀಪಾಯಿಯಿಂದ ಇನ್ನೊಂದು ಪೈಂಟ್ ತುಂಬಿಕೊಟ್ಟು, ಹುಳಿಯಾದ ಬಿಯರಿನ ಕೈಪಂಪಿಗಿದ್ದ ಹೆಸರಿನ ಫಲಕವನ್ನು ಹಿಂಬದಿಗೆ ತಿರುಗಿಸಿದಳು. ಫಲಕ ತಿರುಗಿತೆಂದರೆ ಆ ಬಿಯರ್ ಸದ್ಯಕ್ಕೆ ಮಾರಾಟಕ್ಕಿಲ್ಲ ಎಂದರ್ಥ. ಗ್ರಾಹಕನ ಮಾತನ್ನು ಸಂಶಯಿಸದೆ, ಮ್ಯಾನೇಜರನ್ನು ಕರೆಸದೆ, ಒಂದೇ ನಿಮಿಷದಲ್ಲಿ ಮುಗಿದ ಈ ವ್ಯವಹಾರವನ್ನು ಕಂಡ ಮೇಲೆ ಪಬ್ಬಿನಲ್ಲಿ ಸೇವೆಯಿಲ್ಲವೆಂದು ಯಾರಾದರೂ ಹೇಳಿದರೆ ಒಪ್ಪುವುದು ನನ್ನಿಂದ ಸಾಧ್ಯವಿಲ್ಲ.

ಕೌಂಟರಿಗೆ ನಾವೇ ಹೋಗಬೇಕೆಂಬುದು ನಿಜ. ಅಲ್ಲಿ ಸಾಲು ನಿಂತಿರುವುದಿಲ್ಲವಾದರೂ ಯಾರು ಮೊದಲು ಬಂದರೆಂಬುದನ್ನು ಒಳಗಿರುವವರು ನೆನಪಿಟ್ಟುಕೊಂಡು ಸರದಿಯಂತೆ ಕೇಳುತ್ತಾರೆ. ಅವರು ತಪ್ಪಿದರೆ ಪಕ್ಕದಲ್ಲಿ ನಿಂತ ಅಪರಿಚಿತನೇ ನಮ್ಮತ್ತ ಕೈತೋರಿಸಿ ಇವರದು ಮೊದಲು ಎನ್ನುತ್ತಾನೆ. ಆಗಲೇ ಹಣ ಕೊಡುವುದರಿಂದ ಕೊನೆಯಲ್ಲಿ ಬಿಲ್ಲಿನ ಗೊಂದಲವಿಲ್ಲ. ಟಿಪ್ಸಿನ ನಿರೀಕ್ಷೆಯಿಲ್ಲ; ಸಂತೋಷವಾದವರು ನೀವೂ ಒಂದು ತೆಗೆದುಕೊಳ್ಳಿ ಎಂದು ಒಂದು ಗ್ಲಾಸಿನ ಬೆಲೆಯನ್ನು ಸೇರಿಸಿ ಕೊಡುತ್ತಾರೆ. ಒಂದೇ ಗ್ಲಾಸನ್ನು ಮುಂದಿಟ್ಟುಕೊಂಡು ಒಂದು ಸಂಜೆಯನ್ನೇ ಕಳೆದರೂ ಯಾರೂ ಬಂದು ‘ರಿಪೀಟ್ ಸರ್?’ ಎಂದು ಕೇಳುವುದಿಲ್ಲ. ಅತಿಯಾಗಿ ಕುಡಿದವನಿಗೆ ಮತ್ತೆ ಮದ್ಯ ಮಾರುವುದು ಅಲ್ಲಿ 2003ರ ಲೈಸೆನ್ಸ್ ಕಾಯ್ದೆಯ ಪ್ರಕಾರ ಅಪರಾಧ; ಸಾಕು, ಇನ್ನು ಕೊಡುವುದಿಲ್ಲ ಎಂದು ಕೌಂಟರಿನವರು ಹೇಳುವುದನ್ನು ನಾನು ಕಂಡಿದ್ದೇನೆ, ಹಾಗೆ ಹೇಳಿಸಿಕೊಂಡವರು ಗೊಣಗುತ್ತ ಹೊರಗೆ ಹೋಗುವುದನ್ನೂ ಕಂಡಿದ್ದೇನೆ.

ಹಾಗೆಂದು ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಮಂಡಿನೋವಿರುವ ನನ್ನ ಪತ್ನಿಯಂಥವರಿಗೆ ಎರಡು ತುಂಬಿದ ಗ್ಲಾಸುಗಳನ್ನು ಹಿಡಿದು ಜನರ ನಡುವೆ ನುಸುಳಿ ಬರುವುದು ಕಷ್ಟ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರಿನಿಂದ, ಇಂಗ್ಲೆಂಡಿನ ಸರ್ಕಾರ ಟೇಬಲ್ಲಿಗೇ ತಂದುಕೊಡುವುದನ್ನು ಕಡ್ಡಾಯಮಾಡಿತ್ತು. ಆ ನಿರ್ಬಂಧ ಹೋದ ಮೇಲೂ ಅನೇಕ ಪಬ್ಬುಗಳಲ್ಲಿ ಫೋನಿನ ಮೂಲಕ ಆರ್ಡರ್ ಕೊಡುವ ಪದ್ಧತಿ ಉಳಿದಿದೆ. ವಯಸ್ಸಾದವರಿಗೆ ಇದರಿಂದ ಅನುಕೂಲವೇ, ಆದರೆ ಇದರ ಜೊತೆಗೆ ಲಂಡನ್ನಿನ ಕೆಲವು ಕಡೆ ಊಟದ ಬಿಲ್ಲಿಗೆ ಶೇಕಡಾ 12.5ರ ಸೇವಾಶುಲ್ಕ ಸೇರಿಕೊಳ್ಳತೊಡಗಿರುವುದು ಸರಿಯಲ್ಲ. ಕೇಳಿ ತೆಗೆಸಬಹುದು, ಆದರೆ ಅತಿಥಿಗಳ ಎದುರು ಎಷ್ಟು ಜನ ಕೇಳುತ್ತಾರೆ? 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಟಿಪ್ಸ್ ಮತ್ತು ಸೇವಾಶುಲ್ಕವೆಲ್ಲ ಕೆಲಸಗಾರರಿಗೇ ಸೇರಬೇಕೆಂಬುದು ಒಂದು ಸಮಾಧಾನ.

ಊಟದ ಬಗ್ಗೆ ನನ್ನ ಅಸಮಾಧಾನ ದೊಡ್ಡದು. ಮೊದಲನೆಯದಾಗಿ ವೇಳೆ. ಪಬ್ಬು ರಾತ್ರಿ 11ರವರೆಗೆ ತೆರೆದಿದ್ದರೂ ಅಡುಗೆಮನೆ ಮಧ್ಯಾಹ್ನದ ಊಟದ ಹೊತ್ತು ಮುಗಿದೊಡನೆ ಮುಚ್ಚಿ, ಸಂಜೆ ತೆರೆದು, ರಾತ್ರಿ 9ಕ್ಕೆಲ್ಲ ಮತ್ತೆ ಮುಚ್ಚುವುದು ಸಾಮಾನ್ಯ. ರಾತ್ರಿ ಹತ್ತಕ್ಕೆ ಊಟಕ್ಕೆ ಕೂರುವ ಮುಂಬಯಿಯವರಿಗೆ ಆಗ ಸಿಗುವುದು ಪೊಟ್ಟಣದ ಚಿಪ್ಸ್ ಮತ್ತು ಕಡಲೆಕಾಯಿ ಮಾತ್ರ. ಎರಡನೆಯದಾಗಿ, ಒಂದೇ ಒಡೆತನದ ಹತ್ತಾರು ಪಬ್ಬುಗಳಲ್ಲಿ ಒಂದೇ ಮೆನು; ಎಲ್ಲೋ ಕಾರ್ಖಾನೆಯಲ್ಲಿ ಮಾಡಿ ತಂದದ್ದನ್ನು ಬಿಸಿಮಾಡಿ ಬಡಿಸುತ್ತಾರೆಂಬುದು ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ. ಹೊರಗಡೆ ಕುದಿಯುತ್ತಿದ್ದು ನಡುವೆ ತಣ್ಣಗಿರುವ ಪೈ ಎಂಬ ತಿನಿಸಿಗೆ 15 ಪೌಂಡ್ ಕೊಡುವುದು ಅನ್ಯಾಯ. 1991ರಲ್ಲಿ ಲಂಡನ್ನಿನ ಫ್ಯಾರಿಂಗ್ಡನ್ ಪ್ರದೇಶದ ದಿ ಈಗಲ್ ಎಂಬ ಪಬ್ಬು ಒಳ್ಳೆಯ ಅಡುಗೆಯನ್ನು ಪಬ್ಬಿನಲ್ಲಿಯೇ ಮಾಡಿ ಬಡಿಸಬಹುದೆಂದು ತೋರಿಸಿಕೊಟ್ಟ ಮೇಲೆ ಗ್ಯಾಸ್ಟ್ರೋಪಬ್ ಎಂದು ಕರೆಯುವ ಇಂಥ ಪಬ್ಬುಗಳು ಅನೇಕವಾದವು, ಆದರೆ ಅಲ್ಲಿಯ ಬೆಲೆ ಸಾಮಾನ್ಯ ಸಂಸಾರದ ಕೈಗೆಟುಕುವಂಥದಲ್ಲ. ಇವೆರಡರ ನಡುವೆ, ಒಡೆಯನೇ ಅಡುಗೆಯನ್ನೂ ನೋಡಿಕೊಳ್ಳುವ ಊರಿನ ಪಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ಮಾತ್ರ ನಿಜವಾದ ಊಟ ಸಿಗುತ್ತದೆ. ಹುರಿದ ಮಾಂಸ, ಹೊರಗೆ ಗರಿಯಾಗಿ ಒಳಗೆ ಹಿಟ್ಟಿನಂತಿರುವ ಆಲೂಗಡ್ಡೆ, ಯಾರ್ಕ್‌ಷೈರ್ ಪುಡಿಂಗ್ ಎಂಬ ಉಬ್ಬಿ ನಿಂತ ಸಿಹಿಯಿಲ್ಲದ ಹಿಟ್ಟಿನ ತಿನಿಸು, ಬೇಯಿಸಿದ ಕ್ಯಾರೆಟ್ಟು ಮತ್ತು ಎಲೆಕೋಸು, ಎಲ್ಲದರ ಮೇಲೆ ಬಿಸಿ ಗ್ರೇವಿ. ಖಾರವಿಲ್ಲದಿದ್ದರೂ ಅದು ಮನಸ್ಸಿಟ್ಟು ಮಾಡಿದ ಊಟ.

ಸಸ್ಯಾಹಾರಿಗಳಾದ ನಮ್ಮವರು ಅಲ್ಲಿಗೆ ಹೋಗುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರಬೇಕು. ನನ್ನ ಪತ್ನಿ ಮೊಟ್ಟೆಯನ್ನೂ ಮುಟ್ಟುವವಳಲ್ಲ. ಅವಳಿಗಾಗಿ ವಿಚಾರಿಸಿ ವಿಚಾರಿಸಿಯೇ ನಾನು ಇವನ್ನೆಲ್ಲ ಕಲಿತದ್ದು. ಊಟದ ಜೊತೆ ಬಿಸಿಯಾಗಿ ಕರಿದು ಕೊಡುವ ಆಲೂಗಡ್ಡೆಯ ತುಂಡುಗಳನ್ನೂ ಅಲ್ಲಿ ಚಿಪ್ಸ್ ಎನ್ನುತ್ತಾರೆ; ಅದು ಬರೀ ಆಲೂಗಡ್ಡೆಯಲ್ಲವೇ ಎಂದುಕೊಳ್ಳುವಂತಿಲ್ಲ. ಯಾರ್ಕ್‌ಷೈರಿನ ಹಲವು ಕಡೆ ಅದನ್ನು ಇಂದಿಗೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಯಾರ್ಕ್‌ಷೈರ್ ಪುಡಿಂಗಿನಲ್ಲಿ ಮೊಟ್ಟೆಯಿರುತ್ತದೆ. ಪೀಪಾಯಿಯ ಬಿಯರನ್ನು ತಿಳಿಗೊಳಿಸಲು ಇಸಿಂಗ್ಲಾಸ್ ಎಂಬ ವಸ್ತುವನ್ನು ಬಳಸುವುದು ಹಳೆಯ ಪದ್ಧತಿ, ಅದನ್ನು ತಯಾರಿಸುವುದು ಮೀನಿನ ಗಾಳಿಚೀಲದಿಂದ. ಅಲರ್ಜಿ ಉಂಟುಮಾಡುವ 14 ಪದಾರ್ಥಗಳು ಯಾವ ತಿನಿಸಿನಲ್ಲಿವೆ ಎಂಬುದನ್ನು ಗ್ರಾಹಕನಿಗೆ ತಿಳಿಸಲೇಬೇಕೆಂದು 2014ರ ಡಿಸೆಂಬರಿನಿಂದ ಅಲ್ಲಿ ಕಾನೂನಿದೆ, ಕೇಳಿದರೆ ಪಬ್ಬಿನವರು ಆ ವಿವರದ ಕಡತವನ್ನು ತಂದು ತೋರಿಸುತ್ತಾರೆ. ಆ 14ರಲ್ಲಿ ಮೀನೂ ಸೇರಿದೆ. ಆದರೆ ಬಿಯರ್ ಮತ್ತು ವೈನನ್ನು ತಿಳಿಗೊಳಿಸಲು ಬಳಸುವ ಇಸಿಂಗ್ಲಾಸಿಗೆ ಮಾತ್ರ ವಿನಾಯಿತಿ ಕೊಟ್ಟಿರುವುದರಿಂದ ಕಡತವನ್ನು ನೋಡಿದರೂ ಈ ಸಂಗತಿ ತಿಳಿಯುವುದಿಲ್ಲ. ಅಳತೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರುವ ದೇಶ ಇದರಲ್ಲಿ ಗ್ರಾಹಕನನ್ನು ಕತ್ತಲೆಯಲ್ಲಿಟ್ಟಿರುವುದು ತಪ್ಪು. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯಂಥ ಒಂದು ಗುರುತನ್ನು ಅವರು ಪಂಪಿನ ಫಲಕದ ಮೇಲೆ ಹಾಕುವುದು ಕಷ್ಟವೇನಲ್ಲ. ಇಸಿಂಗ್ಲಾಸ್ ಬಳಸದೆ ಬಿಯರ್ ತಯಾರಿಸುವವರು ಈಗ ಹೆಚ್ಚುತ್ತಿದ್ದು, ಅವರಲ್ಲಿ ಕೆಲವರು ಹಾಗೆಂದು ಬರೆದುಕೊಳ್ಳುತ್ತಿದ್ದಾರೆ.

ಪಬ್ಬಿನ ಊಟಕ್ಕೆ ಹೊಸ ಜೀವ ತಂದವರು ನಮ್ಮ ದೇಶದಿಂದ ಹೋದವರು ಎಂಬುದನ್ನು ಆ ಓದುಗರು ಬರೆದಿಲ್ಲ. ಬರ್ಮಿಂಗ್‌ಹ್ಯಾಮ್, ಸ್ಮೆತಿಕ್ ಮತ್ತು ವೆಸ್ಟ್ ಬ್ರಾಮಿಚ್ ಪ್ರದೇಶಗಳಲ್ಲಿ ಪಂಜಾಬಿಗಳು ನಡೆಸುವ ಪಬ್ಬುಗಳಿವೆ. ಅವನ್ನು ದೇಸಿ ಪಬ್ ಎಂದೇ ಕರೆಯುತ್ತಾರೆ. ಅದೇ ಕೈಪಂಪು, ಅದೇ ಮುದ್ರೆಯ ಗ್ಲಾಸು, ಗೋಡೆಗೆ ಅದೇ ಡಾರ್ಟ್ಸ್ ಹಲಗೆ. ಪಕ್ಕದಲ್ಲಿ ಕೆಂಡದ ಮೇಲೆ ಬೆಂದ ಸೀಖ್ ಕಬಾಬು, ಕೋಳಿ, ಮೀನುಗಳನ್ನು ಈರುಳ್ಳಿಯ ಜೊತೆ ಕಾದ ತಟ್ಟೆಯಲ್ಲಿ ಚುರುಗುಟ್ಟಿಸಿ ತರುವ ಮಿಕ್ಸೆಡ್ ಗ್ರಿಲ್, ಪನೀರು ಮತ್ತು ನಾನ್. ಇದರ ಹಿಂದಿನ ಚರಿತ್ರೆ ನೋವಿನದು. 1960ರ ದಶಕದಲ್ಲಿ ಸ್ಮೆತಿಕ್ಕಿನ ಪಬ್ಬುಗಳಲ್ಲಿ ಕರಿಯರಿಗೂ ಭಾರತೀಯರಿಗೂ ಕೆಲವು ಕೋಣೆಗಳೊಳಗೆ ಪ್ರವೇಶವಿರಲಿಲ್ಲ. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಇದರ ವಿರುದ್ಧ ಹೋರಾಡಿತು. 1965ರ ಫೆಬ್ರವರಿ 12ರಂದು ಅಮೆರಿಕದ ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮಾಲ್ಕಮ್ ಎಕ್ಸ್ ಅವರು ಅಲ್ಲಿಗೆ ಬಂದು ಈ ಭೇದವನ್ನು ಕಣ್ಣಾರೆ ನೋಡಿಹೋದರು. ಅದೇ ವರ್ಷ ಬಂದ ಜನಾಂಗ ಸಂಬಂಧಗಳ ಕಾಯ್ದೆಯು ಸಾರ್ವಜನಿಕ ಸ್ಥಳಗಳಲ್ಲಿ ಇಂಥ ಭೇದವನ್ನು ಕಾನೂನುಬಾಹಿರವಾಗಿಸಿತು. ಒಳಗೆ ಬಿಡದಿದ್ದ ಊರಿನಲ್ಲಿಯೇ ಪಬ್ಬುಗಳಿಗೆ ಒಡೆಯರಾಗಿ ಎಲ್ಲ ಬಣ್ಣದವರಿಗೂ ಊಟ ಬಡಿಸುತ್ತಿರುವ ಈ ಕುಟುಂಬಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಬ್ರಿಟನ್ನಿಗೆ ಹೋಗುವವರು ಒಂದು ಊಟವನ್ನಾದರೂ ಅಲ್ಲಿ ಮಾಡಬೇಕು.

ಇನ್ನು ಮುಂಬಯಿಯ ಮಾತಿಗೆ ಬರುತ್ತೇನೆ. ಪರ್ಮಿಟ್ ರೂಮು ಎಂದು ಕರೆಯುವ ಈ ನಗರದ ಹಳೆಯ ಬಾರುಗಳಲ್ಲಿ ಎಷ್ಟೋ ಕಡೆ ಗಲ್ಲಾದ ಮೇಲೆ ಕುಳಿತವರು ಉಡುಪಿ ಮತ್ತು ದಕ್ಷಿಣ ಕನ್ನಡದಿಂದ ಬಂದ ನಮ್ಮವರೇ. ಮಂದ ಬೆಳಕು, ರೆಕ್ಸಿನ್ ಹೊದಿಸಿದ ಬೆಂಚು, ಯಾವ ಆಡಂಬರವೂ ಇಲ್ಲ. ಆದರೆ ಕ್ವಾರ್ಟರ್ ಕೇಳಿದರೆ 180 ಮಿಲಿಲೀಟರಿನ ಬಾಟಲಿಯನ್ನು ಸೀಲಿನ ಸಮೇತ ಟೇಬಲ್ಲಿಗೆ ತಂದು, ಗ್ರಾಹಕನಿಗೆ ತೋರಿಸಿ, ಅವನ ಎದುರಿಗೇ ತೆರೆಯುತ್ತಾರೆ. ಬೇಯಿಸಿದ ಕಡಲೆಯೋ ಹುರಿದ ಶೇಂಗಾವೋ ಚಕ್ನಾ ಎಂದು ತಾನಾಗಿ ಬರುತ್ತದೆ, ಅದಕ್ಕೆ ಹಣವಿಲ್ಲ. ರಾತ್ರಿ ಹನ್ನೊಂದಕ್ಕೂ ಅಡುಗೆಮನೆಯಿಂದ ಬಿಸಿ ಬೊಂಬಿಲ್ ಮೀನಿನ ಫ್ರೈ, ಕೋಳಿ ಸುಕ್ಕ, ದಾಲ್ ಮತ್ತು ಅನ್ನ ಬರುತ್ತದೆ. ವೇಟರಿಗೆ ಹಳೆಯ ಗಿರಾಕಿಯ ಅಭ್ಯಾಸಗಳೆಲ್ಲ ಗೊತ್ತು. ಮೂರನೆಯದು ಬೇಡವೆಂದು ಗದರಿಸುವ ಸಲಿಗೆಯೂ ಅವನಿಗೆ ಉಂಟು. ಮುದ್ರೆಯೊತ್ತಿದ ಗ್ಲಾಸಿನಲ್ಲಿರುವ ಪ್ರಾಮಾಣಿಕತೆಯೇ ಸೀಲು ಮುರಿಯದ ಈ ಕ್ವಾರ್ಟರಿನಲ್ಲಿಯೂ ಇದೆ, ಎರಡೂ ಕಡೆ ಅಳತೆಯು ಗ್ರಾಹಕನ ಕಣ್ಣೆದುರಿಗೇ ಆಗುತ್ತದೆ.

ಹೊಸ ಪಬ್ಬುಗಳು ಈ ಎರಡನ್ನೂ ಬಿಟ್ಟಿವೆ. ಕಡುಗಂದು ಮರದ ಕೌಂಟರು, ಕೆಂಪು ಟೆಲಿಫೋನ್ ಗೂಡು, ಫುಟ್‌ಬಾಲ್ ತೋರಿಸುವ ದೊಡ್ಡ ಪರದೆ ಎಲ್ಲವೂ ಬಂದಿವೆ, ಮುದ್ರೆಯ ಗ್ಲಾಸು ಬಂದಿಲ್ಲ. ಪೈಂಟ್ ಎಂದು ಕೇಳಿದರೆ ಬರುವುದು ಒಂದು ಕಡೆ 330 ಮಿಲಿಲೀಟರ್, ಇನ್ನೊಂದು ಕಡೆ ಎಷ್ಟೆಂದು ವೇಟರುಗಳ ಮುಖ್ಯಸ್ಥನಾದ ಕ್ಯಾಪ್ಟನ್‌ಗೇ ಗೊತ್ತಿರುವುದಿಲ್ಲ. ಪೆಗ್ಗನ್ನು ಗ್ರಾಹಕನಿಗೆ ಕಾಣದ ಕಡೆ ಸುರಿದು, ಐಸ್ ತುಂಬಿದ ಗ್ಲಾಸಿನಲ್ಲಿ ತಂದಿಡುತ್ತಾರೆ. ಕೇಳದೆಯೇ ನೀರಿನ ಬಾಟಲಿಯ ಮುಚ್ಚಳ ತೆರೆಯುತ್ತಾರೆ. ಹೋಟೆಲುಗಳು ಬಾಟಲಿ ನೀರನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿರುವುದರಿಂದ ಆ ಬಾಟಲಿಯ ಬೆಲೆಯನ್ನು ಪ್ರಶ್ನಿಸುವಂತೆಯೂ ಇಲ್ಲ. ಮೆನುವಿನ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ತೆರಿಗೆ ಪ್ರತ್ಯೇಕ ಎಂದಿರುತ್ತದೆ. ಊಟಕ್ಕೆ ಜಿಎಸ್‌ಟಿ, ಮದ್ಯಕ್ಕೆ ರಾಜ್ಯದ ವ್ಯಾಟ್, ಮೇಲೆ ಶೇಕಡಾ 10ರ ಸೇವಾಶುಲ್ಕ ಸೇರಿ ಮೆನುವಿನ ಮೊತ್ತವೂ ಬಿಲ್ಲಿನ ಮೊತ್ತವೂ ಬೇರೆಬೇರೆಯಾಗುತ್ತವೆ. ಸೇವಾಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಇಷ್ಟಾದ ಮೇಲೂ ಪಶ್ಚಿಮ ಉಪನಗರದ ಒಂದು ಪಬ್ಬಿನಲ್ಲಿ ಅದನ್ನು ತೆಗೆಯಿರಿ ಎಂದಾಗ ಮ್ಯಾನೇಜರು ಬಂದು, ಇಲ್ಲಿಯ ಪದ್ಧತಿಯೇ ಹೀಗೆ ಎಂದು ಇಂಗ್ಲಿಷಿನಲ್ಲಿ ತಿಳಿಹೇಳತೊಡಗಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡುತ್ತೇನೆಂದ ಮೇಲೆಯೇ ಬಿಲ್ಲು ಬದಲಾಯಿತು.

ನಿಮ್ಮ ಪತ್ರಿಕೆಯನ್ನು ಹೋಟೆಲ್ ಮತ್ತು ಬಾರುಗಳ ಮಾಲೀಕರು ಬಹುಸಂಖ್ಯೆಯಲ್ಲಿ ಓದುತ್ತಾರೆ. ಹೊಸ ಪಬ್ಬುಗಳಲ್ಲಿಯೂ ಹಲವು ಅವರ ಮಕ್ಕಳ ಕೈಯಲ್ಲಿವೆ. ಅವರಲ್ಲಿ ನನ್ನ ವಿನಂತಿ ಇಷ್ಟೇ. ಬಿಯರ್ ಗ್ಲಾಸುಗಳನ್ನು ಮುಂದಿನ ಸಲ ತರಿಸುವಾಗ ಅಳತೆಯ ಗೆರೆಯಿರುವುದನ್ನೇ ತರಿಸಿ, ಆ ಅಳತೆಯನ್ನು ಮೆನುವಿನಲ್ಲಿ ಮಿಲಿಲೀಟರಿನಲ್ಲಿ ಅಚ್ಚುಹಾಕಿಸಿ. ಪೆಗ್ಗನ್ನು ಟೇಬಲ್ಲಿನ ಬಳಿಯೇ ಅಳೆದು ಸುರಿಯುವಂತೆ ಹುಡುಗರಿಗೆ ಹೇಳಿ. ನಿಮ್ಮ ತಂದೆಯವರ ಪರ್ಮಿಟ್ ರೂಮಿನಲ್ಲಿ ಇದು ಹೊಸದೇನೂ ಅಲ್ಲ. ತೆರಿಗೆ ಸೇರಿದ ಬೆಲೆಯನ್ನೇ ಬರೆಯಿರಿ. ಬಾಟಲಿ ತೆರೆಯುವ ಮೊದಲು ಸಾದಾ ನೀರು ಬೇಕೇ ಎಂದು ಕೇಳಿ. ಹೋಟೆಲ್ ಮಾಲೀಕರ ಆಹಾರ್ ಸಂಘಟನೆಯು ತನ್ನ ಸದಸ್ಯರಿಗೆ ಇದನ್ನು ಸಲಹೆಯಾಗಿ ಕಳುಹಿಸಿದರೆ ಒಂದೆರಡು ಪಬ್ಬುಗಳಾದರೂ ಪ್ರಾರಂಭಿಸಿಯಾವು. ಯಾವ ಪಬ್ಬು ಮೊದಲು ಪ್ರಾರಂಭಿಸುತ್ತದೆಯೋ ಅದರ ಹೆಸರನ್ನು ಇದೇ ಅಂಕಣಕ್ಕೆ ಬರೆದು ತಿಳಿಸಲು ನಾನು ಸಿದ್ಧನಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ಚೆಂಬೂರಿನ ಓದುಗ, ಮುಂಬಯಿ